ಹತ್ತು ನೂಕು, ಎರಡು ಬೆರಳು

"ಇನ್ನ ಇದನ್ನ ನಿಲ್ಲಸೋರು ಯಾರು?"

ರಾಯನಗೌಡರು ಈ ಮಾತನ್ನು ಯಾರ ಮುಖವನ್ನೂ ನೋಡದೆ ಕೇಳಿದರು. ಅವರ ವಾಡೆಯ ಎದುರಿನ ತಿರುವಿನಲ್ಲಿ ಬೀದಿಯ ಹೊರಗಟ್ಟೆ ಬಿರುಕು ಬಿಟ್ಟಿತ್ತು. ಗೌಡರು ಬಿರುಕಿನೊಳಗೆ ಕಿರುಬೆರಳು ತೂರಿಸಿದರು, ಹೊರಗೆ ತೆಗೆದರು, ಬೆರಳನ್ನೇ ನೋಡುತ್ತ ನಿಂತರು. ಊರಿನ ಅಭಿವೃದ್ಧಿ ಸಮಿತಿಯ ಉಳಿದ ಹತ್ತು ಮಂದಿ, ನಾನೂ ಸೇರಿ, ಅವರ ಬೆನ್ನ ಹಿಂದೆ ಇದ್ದೆವು. ಅಷ್ಟರಲ್ಲಿ ಕಲ್ಲು ಬಂತು. ನಾವೆಲ್ಲ ವಾಡೆಯ ಗೋಡೆಗೆ ಹಲ್ಲಿಗಳ ಹಾಗೆ ಅಂಟಿಕೊಂಡೆವು. ನಮ್ಮ ಹನ್ನೊಂದು ಹೆಸರು ಕೆತ್ತಿದ ಕರಿಯ ಹಾಸುಗಲ್ಲು ಕಟ್ಟೆಗೆ ಮೈ ತೀಡಿಕೊಂಡು, ತಿರುವು ದಾಟಿ, ಊರ ನಡುವಿನ ಹೊಂಡದ ಆಚೆ ದಂಡೆಗೆ ಹೋಯಿತು. ಬಿರುಕು ಒಂದು ಎಳ್ಳಿನಷ್ಟು ಅಗಲವಾಯಿತು. ಗೌಡರ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ ಅಂತಲ್ಲ.

ನಮ್ಮ ಊರಿನಲ್ಲಿ ನೂಕಿದ ವಸ್ತು ತಾನಾಗಿ ನಿಲ್ಲುವುದಿಲ್ಲ. ಯಾರಾದರೂ ತಡೆಯಬೇಕು. ತಡೆಯುವುದೂ ಮನುಷ್ಯರೇ ಆಗಬೇಕು. ಅಡ್ಡ ಏನಿಟ್ಟರೂ ಅದೂ ಜೊತೆಗೆ ಹೊರಟುಬಿಡುತ್ತದೆ. ಇಲ್ಲಿನ ನೆಲವನ್ನು ಹಿಡಿಯುವುದು ಬರಿಗಾಲು ಒಂದೇ. ಹಾಗಾಗಿ ಊರಿನಲ್ಲಿ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಪರವೂರಿನ ಬೀಗರು ಅದನ್ನು ಕಂಡು, ಎಂಥ ಭಕ್ತಿವಂತರ ಊರಪ್ಪ ಎಂದು ಕೈ ಮುಗಿಯುತ್ತಾರೆ. ನಾವೂ ತಿರುಗಿ ಕೈ ಮುಗಿಯುತ್ತೇವೆ. ಬಂದ ಹೆಸರನ್ನು ಬೇಡ ಅನ್ನಬಾರದು.

ನಮ್ಮ ಅಡುಗೆಮನೆಗಳಲ್ಲಿ ಸಾರು ಕಲಕಿದವರು ಅದೇ ಸೌಟಿನಿಂದ ಎದುರು ಕಲಕಿ ಅದನ್ನು ನಿಲ್ಲಿಸಿಯೇ ಬಡಿಸಬೇಕು. ಮರೆತರೆ ಬಟ್ಟಲಿನಲ್ಲೂ ಸಾರು ಸುತ್ತುತ್ತದೆ, ಉಂಡವರ ಹೊಟ್ಟೆಯಲ್ಲೂ ಸುತ್ತುತ್ತದೆ. ತೊಟ್ಟಿಲು ತೂಗಿದ ತಾಯಿ ಅದನ್ನು ಹಿಡಿದು ನಿಲ್ಲಿಸದೆ ನೀರಿಗೆ ಹೋಗುವಂತಿಲ್ಲ. ಮಠದ ಗಂಟೆ ಬಾರಿಸಿದವನು ಅದರ ನಾಲಿಗೆಯನ್ನು ಅಂಗೈಯಲ್ಲಿ ಹಿಡಿದು ಸುಮ್ಮನಾಗಿಸಿ ಆಮೇಲೆ ಕಣ್ಣು ಮುಚ್ಚಬೇಕು. ನೂಕಿದ ಕೈಯೇ ತಡೆಯಬೇಕು ಎಂಬುದನ್ನು ನಮ್ಮ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತವೆ.

ಆದರೆ ಇದು ಸೌಟು ಹಿಡಿಯುವ ಕೈಗಳ ಮಾತು. ಹಾರ ಹಾಕಿಸಿಕೊಂಡು ನೂಕುವ ಕೈಗಳಿಗೆ ಬೇರೆ ಪದ್ಧತಿ ಇದೆ. ಗಾಣದ ಕಲ್ಲು, ದೊಡ್ಡ ತೊಲೆ, ಪಂಚಾಯಿತಿಯ ಬೀರು, ಯಾವುದೇ ದೊಡ್ಡದನ್ನು ಬೀದಿಗಿಳಿಸುವಾಗ ಮೊದಲ ನೂಕು ಎಂಬ ಮರ್ಯಾದೆ ಒಂದಿದೆ. ಹಿರಿಯರೊಬ್ಬರು ಬಂದು ಅಂಗೈ ಇಟ್ಟು ನೂಕುತ್ತಾರೆ. ಚಪ್ಪಾಳೆಯಾಗುತ್ತದೆ, ಫೋಟೊ ಆಗುತ್ತದೆ, ಹಿರಿಯರು ಉಪ್ಪಿಟ್ಟು ತಿನ್ನಲು ಹೋಗುತ್ತಾರೆ. ಬೀದಿಯ ಇನ್ನೊಂದು ತುದಿಯಲ್ಲಿ ಅದನ್ನು ನಿಲ್ಲಿಸುವುದು ತಡೆಯವರ ಮನೆಯ ಕೆಲಸ. ಅಲ್ಲಿ ಚಪ್ಪಾಳೆಯಿಲ್ಲ. ನೂಕಿದವರಿಗೆ ನೂಕು ಮುಗಿದಾಗಲೇ ಕಥೆ ಮುಗಿದಿರುತ್ತದೆ.

ಈಗ ತಡೆಯವರ ಮನೆಯಲ್ಲಿ ಆ ಕೆಲಸಕ್ಕೆ ಉಳಿದಿರುವುದು ಫಕೀರವ್ವ ಒಬ್ಬಳೇ. ನಲವತ್ತರ ಮೇಲಿನ ಹೆಂಗಸು, ಅಗಲವಾದ ಪಾದ, ಹೊಟ್ಟು ತುಂಬಿದ ಗೋಣಿಚೀಲವನ್ನು ಬೆನ್ನಿಗೆ ಬಿಗಿದುಕೊಂಡು ನಿಲ್ಲುತ್ತಾಳೆ. ನಿಲ್ಲುತ್ತಾಳೆ ಅನ್ನುವುದು ನಮ್ಮಂಥವರ ಮಾತು. ಅವಳು ನಿಲ್ಲುವುದೇ ಇಲ್ಲ. ಬರುವ ವಸ್ತುವಿನ ಮುಂದೆ ಅದರಷ್ಟೇ ವೇಗದಲ್ಲಿ ನಡೆಯತೊಡಗಿ, ಅದು ಬೆನ್ನಿಗೆ ತಾಗಿದ ಮೇಲೆ ಒಂದೊಂದೇ ಹೆಜ್ಜೆ ಸಣ್ಣ ಮಾಡುತ್ತ ಹೋಗುತ್ತಾಳೆ. ಹಟಮಾರಿ ಮಗುವನ್ನು ಮಾತಾಡಿಸುತ್ತ ಮನೆಗೆ ಕರೆತಂದಂತೆ. ಎದುರಿಗೆ ಕಂಬದ ಹಾಗೆ ನಿಂತರೆ ಎಲುಬು ಮುರಿಯುತ್ತದೆ, ಜೊತೆಗೆ ಬಹಳ ದೂರ ನಡೆದರೆ ಭುಜ ಬರೀ ಬೆಚ್ಚಗಾಗುತ್ತದೆ. ಇದನ್ನು ಅವಳಿಗೆ ಕಲಿಸಿದ್ದು ಗಂಡ ಯಂಕಪ್ಪ.

ಯಂಕಪ್ಪ ಆರು ವರ್ಷದಿಂದ ಹೊರಗೆ ಬಂದಿಲ್ಲ. ಗೌಡರ ಮನೆಗೆ ಕಬ್ಬಿಣದ ತಿಜೋರಿ ಬಂದ ದಿನ ಮೊದಲ ನೂಕು ಯಾವ ಅಳಿಯನದು ಎಂದು ಜಗಳವಾಗಿ, ಕೊನೆಗೆ ಮೂವರೂ ನೂಕಿದ್ದರು. ಯಂಕಪ್ಪನಿಗೆ ಯಾರೂ ಹೇಳಿರಲಿಲ್ಲ. ಅವನು ಒಂದು ನೂಕಿನ ನಡಿಗೆಗೆ ಸಿದ್ಧನಾಗಿ ನಿಂತಿದ್ದ. ಬಂದದ್ದು ಮೂರು ನೂಕು. ತಿಜೋರಿ ನಿಂತಿತು. ಅವನ ಎದೆಯ ಎಡಭಾಗ ತಗ್ಗಿತು. ಗೌಡರು ಮನೆಗೇ ಬಂದು ಶಾಲು ಹೊದಿಸಿ, ಭಾಷಣ ಮಾಡಿ ಹೋದರು. ಆ ಭಾಷಣದಲ್ಲಿ ತ್ಯಾಗ ಎಂಬ ಮಾತು ಏಳು ಸಲ ಬಂತು. ನಾನು ಎಣಿಸಿದೆ.

ಎಣಿಸುವುದು ನನಗೆ ಚಟ. ನನ್ನ ತಂದೆ ಮಠದಲ್ಲಿ ಷಟ್ಪದಿ ಓದುತ್ತಿದ್ದರು. ನಾನು ಹಾಲು ಬಿಡುವ ಮೊದಲೇ ಅವರ ತೊಡೆಯ ಮೇಲೆ ಕೂತು ಕೇಳಿದವನು, ಈಗಲೂ ಪ್ರತಿ ಸಂಜೆ ಕಂಬಕ್ಕೊರಗಿ ಕೇಳುತ್ತೇನೆ. ಬಾಯಿ ತೆರೆಯುವುದು ಕಡಿಮೆ. ಆ ಒಂದೇ ಗುಣಕ್ಕಾಗಿ ನನ್ನನ್ನು ಸಮಿತಿಗೆ ಹನ್ನೊಂದನೆಯವನಾಗಿ ಆರಿಸಿದರು. "ಚನ್ನಮಲ್ಲಯ್ಯನವರು ಇರಲಿ, ದೈವಭಕ್ತರು, ಯಾತಕ್ಕೂ ಅಡ್ಡಿ ಮಾಡೂದಿಲ್ಲ" ಎಂದು ಕಾರ್ಯದರ್ಶಿ ಕೊಟ್ರೇಶ ಮಾಸ್ತರ ಸೂಚಿಸಿದರು. ನನಗೆ ಅದು ಹೊಗಳಿಕೆಯಂತೆ ಕೇಳಿಸಿತ್ತು.

ಸಮಿತಿ ಸೇರಿದ ಮೇಲೆ ಮೊದಲು ಬಂದ ವಿಷಯ ಸಭಾಭವನದ ಶಿಲಾಫಲಕ. ಭವನಕ್ಕೆ ಇನ್ನೂ ಮಾಳಿಗೆಯಿರಲಿಲ್ಲ, ಆದರೆ ಹೆಸರು ಕೆತ್ತಿಸುವುದಕ್ಕೆ ಮಾಳಿಗೆ ಬೇಕಿಲ್ಲವಲ್ಲ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದರಲ್ಲಿ ನಾಲ್ಕು ಸಭೆ ಹೋದವು. ಕೊನೆಗೆ ಹೆಸರುಗಳನ್ನು ಚಕ್ರಾಕಾರವಾಗಿ ಕೆತ್ತುವುದು ಎಂದಾಯಿತು. ಚಕ್ರಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಆಳೆತ್ತರದ ಹಾಸುಗಲ್ಲು, ಮೊಳ ದಪ್ಪ. ಅದನ್ನು ಕಲ್ಲುಕುಟಿಗರ ಓಣಿಯಿಂದ ಭವನದ ತನಕ ಹೊಂಡದ ಸುತ್ತಿನ ಬೀದಿಯಲ್ಲಿ ತರಬೇಕು. ಆ ಬೀದಿ ಬಳೆಯ ಹಾಗೆ ದುಂಡಗಿದೆ. ಹೊರಗಟ್ಟೆ ವಸ್ತುಗಳನ್ನು ತಿರುಗಿಸುತ್ತದೆ, ನಿಲ್ಲಿಸುವುದಿಲ್ಲ. ತಿರುಗಿಸುವುದು ಬೇರೆ, ನಿಲ್ಲಿಸುವುದು ಬೇರೆ.

ಮೊದಲ ನೂಕು ಯಾರದು ಎಂಬ ಪ್ರಶ್ನೆ ಎದ್ದಾಗ ಮಾಸ್ತರ ಎದ್ದು ನಿಂತರು. "ಹನ್ನೊಂದೂ ಮಂದಿ ಕೂಡಿ ಒಂದು ನೂಕು. ಒಬ್ಬೊಬ್ಬರಿಗೆ ಹನ್ನೊಂದನೇ ಒಂದು ಪಾಲು. ಏಕತೆನೂ ಆತು, ನೂಕೂನೂ ಆತು." ಮೇಜು ಕುಟ್ಟಿ ಒಪ್ಪಿದೆವು. ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪು ಬಂದದ್ದು ಫೋಟೊದಿಂದ. ಒಂದು ಕಲ್ಲಿನ ಬೆನ್ನಿಗೆ ಇಪ್ಪತ್ತೆರಡು ಅಂಗೈ ಹಿಡಿದರೂ ಹನ್ನೊಂದು ಮುಖ ಹಿಡಿಯಲಿಲ್ಲ. ಫೋಟೊದವನು ಮೂರು ಸಲ ನಮ್ಮನ್ನು ಹಿಂದೆ ಮುಂದೆ ನಿಲ್ಲಿಸಿ ನೋಡಿ ಬೇಸತ್ತು, "ಒಬ್ಬೊಬ್ಬರ ಬರ್ರಿ, ಚಂದ ಬರ್ತೈತಿ" ಅಂದ.

ಒಬ್ಬೊಬ್ಬರೇ ಬಂದೆವು. ಬೀದಿಯುದ್ದಕ್ಕೂ ಹತ್ತು ಹತ್ತು ಮಾರು ಬಿಟ್ಟು ನಿಂತೆವು. ಗೌಡರು ನೂಕಿದರು, ಕಲ್ಲು ಮುದುಕಿಯ ನಡಿಗೆಯಲ್ಲಿ ಹೊರಟಿತು. ಎರಡನೆಯವರು ನೂಕಿದರು. ಗೌಡರಿಗಿಂತ ತಮ್ಮ ನೂಕು ಸಣ್ಣದಾಗಬಾರದೆಂದು ಮೂರನೆಯವರು ಪಂಚೆ ಎತ್ತಿ ಕಟ್ಟಿದರು. ಆರನೆಯವರು ಓಡುತ್ತ ನೂಕಿದರು. ಒಂಬತ್ತನೆಯವರಾದ ಮಾಸ್ತರ ಕನ್ನಡಕವನ್ನು ಕಿಸೆಗಿಟ್ಟು, ಹೋರಿಯ ಬೆನ್ನು ಹತ್ತಿದವರ ಹಾಗೆ ಓಡಿ ನೂಕಿದರು. ಸಮಿತಿ ಅಷ್ಟು ದುಡಿದದ್ದನ್ನು ಊರು ನೋಡಿದ್ದು ಅದೇ ಮೊದಲು. ಬೀದಿಯ ಎರಡು ಬದಿಗೆ ನಿಂತ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಕಟ್ಟೆ ಹತ್ತಿದರು. ನೂಕಿನ ಮೇಲೆ ನೂಕು ಬಿದ್ದರೆ ಏನಾಗುತ್ತದೆ ಎಂದು ಆ ಮಕ್ಕಳಿಗೂ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾದೀತು. ನಾವು ಜನ್ಮದಲ್ಲಿ ಏನನ್ನೂ ತಡೆದವರಲ್ಲ, ಅಷ್ಟೆ.

ಹನ್ನೊಂದನೆಯವನಾಗಿ ನಾನು ನಿಂತಿದ್ದೆ. ಕಲ್ಲು ಬರುವುದು ಕಂಡಿತು. ಬೇಡ ಅನ್ನಬಹುದಿತ್ತು, ಹಿಂದೆ ಸರಿದು ನಿಲ್ಲಬಹುದಿತ್ತು. ಫೋಟೊದವನು "ಅಯ್ಯಾರ, ಕೈ" ಅಂದ. ನಾನು ಎರಡು ಬೆರಳು ತಾಗಿಸಿದೆ.

ಭವನದ ಮುಂದೆ ಫಕೀರವ್ವ ಗೋಣಿಚೀಲ ಬಿಗಿದುಕೊಂಡು ಕಾಯುತ್ತಿದ್ದಳು. ಕಲ್ಲು ತಿರುವಿನಲ್ಲಿ ಕಾಣಿಸಿತು. ಅವಳು ನಡೆಯತೊಡಗಲಿಲ್ಲ. ಒಂದು ಗಳಿಗೆ ಕಣ್ಣು ಕಿರಿದು ಮಾಡಿ ನೋಡಿದಳು, ಆಮೇಲೆ ಬಾಗಿಲಿಗೆ ಬಂದ ಬೀಗರಿಗೆ ದಾರಿ ಬಿಟ್ಟಂತೆ ಬದಿಗೆ ಸರಿದಳು. ಕಲ್ಲು ಭವನವನ್ನು ದಾಟಿ ಹೋಯಿತು. ಬ್ಯಾಂಡಿನವರು ಬಾರಿಸುವುದನ್ನು ನಿಲ್ಲಿಸಲಿಲ್ಲ. ಎರಡನೆಯ ಸುತ್ತಿಗೆ ಅದು ಮತ್ತೆ ಬಂದು ಮತ್ತೆ ಹೋದಾಗ ಅವರೂ ನಿಲ್ಲಿಸಿದರು.

ಒಂದು ನೂಕಿನ ಕಲ್ಲು ಊರು ಸುತ್ತಿ ಬರಲು ನಿಧಾನವಾಗಿ ರಾಗ ಎಳೆದು ಹಾಡಿದ ಹತ್ತು ಪದ್ಯ ಬೇಕು. ಈ ಕಲ್ಲಿಗೆ ಒಂದೇ ಪದ್ಯ ಸಾಕಾಯಿತು. ಎರಡು ದಿನದಲ್ಲಿ ಊರು ಒಗ್ಗಿಕೊಂಡಿತು. ಕಲ್ಲು ದಾಟಿದ ಕೂಡಲೇ ಪದ್ಯ ಶುರು ಮಾಡಿ, ನಾಲ್ಕನೆಯ ಸಾಲಿನೊಳಗೆ ಬೀದಿ ದಾಟಿಬಿಡುವುದು. ಮಠದ ಕಡೆ ತಲೆ ಹಾಕದ ಗಂಡಸರೂ ಒಂದೊಂದು ಷಟ್ಪದಿ ಬಾಯಿಪಾಠ ಮಾಡಿದರು. ಹಾಲಿನ ಹೆಂಗಸರು ಕೊಡ ಹೊತ್ತು ಗುನುಗುತ್ತ ದಾಟುತ್ತಿದ್ದರು. ಊರಲ್ಲಿ ಸಾಹಿತ್ಯಾಭಿರುಚಿ ಬೆಳೆದಿದೆ ಎಂದು ಮಾಸ್ತರ ವರದಿಯಲ್ಲಿ ಬರೆದರು. ಫಲಕ ಒಂದೇ ಕಡೆ ನಿಂತರೆ ಅದನ್ನು ನಾಲ್ಕು ಜನ ಓದುತ್ತಾರೆ, ಹೀಗೆ ಸುತ್ತಿದರೆ ಪ್ರತಿ ಮನೆಯ ಬಾಗಿಲಿಗೂ ಸಮಿತಿ ತಾನೇ ಹೋದಂತೆ ಎಂದೂ ಬರೆದರು. ಐದನೆಯ ದಿನ, ಪದ್ಯ ಬಾರದ ಒಂದು ಎಮ್ಮೆ ದಾಟಲು ಹೋಗಿ ಕಾಲು ಕಳೆದುಕೊಂಡಿತು. ಅದಕ್ಕೆ ಸಮಿತಿ ಸಂತಾಪ ಸೂಚಿಸಿತು. ಗೋಡೆ ಕಟ್ಟಿ ತಡೆಯೋಣ ಎಂದು ಯಾರೋ ಅಂದರು; ಗೌಂಡಿಯವರು ನಕ್ಕರು. ಒಂದು ಪದ್ಯ ಮುಗಿಯುವುದರೊಳಗೆ ಯಾರು ಪಾಯ ತೋಡುತ್ತಾರೆ?

ಒಂಬತ್ತನೆಯ ದಿನ ಗೌಡರ ವಾಡೆಯ ಎದುರು ಬಿರುಕು ಕಾಣಿಸಿಕೊಂಡಿತು. ಕಟ್ಟೆ ಅಲ್ಲಿ ಕುಸಿದರೆ ಕಲ್ಲಿಗೆ ತಿರುಗುವ ಕಾರಣ ಉಳಿಯುವುದಿಲ್ಲ. ಅದು ನೆಟ್ಟಗೆ ಹೋಗುತ್ತದೆ. ನೆಟ್ಟಗೆ ಹೋದರೆ ಗೌಡರ ತಲೆಬಾಗಿಲು, ಪಡಸಾಲೆ, ದೇವರಮನೆ, ಎಲ್ಲವೂ ಒಂದೇ ಸಾಲಿನಲ್ಲಿವೆ. ಚಲಿಸುವ ಫಲಕ ಊರಿನ ಹೆಮ್ಮೆ ಎಂಬ ವರದಿಯನ್ನು ಆ ದಿನವೇ ಹಿಂದಕ್ಕೆ ಪಡೆಯಲಾಯಿತು. ಗೌಡರು ಆ ಪ್ರಶ್ನೆ ಕೇಳಿದ್ದು ಅವತ್ತು.

ಕೇಳಿದ ಮೇಲೆ ನಾವು ಹನ್ನೊಂದೂ ಜನ ತಡೆಯವರ ಮನೆಗೆ ಹೋದೆವು. ಫಕೀರವ್ವ ಹೊಸ್ತಿಲ ಹೊರಗೆ ಕೂತು ಗೋಣಿಚೀಲಕ್ಕೆ ತೇಪೆ ಹಾಕುತ್ತಿದ್ದಳು. ಎದ್ದು ಸೆರಗು ಹೊದ್ದಳು, ಚಾಪೆ ಹಾಸಿದಳು. ಯಾರೂ ಕೂರಲಿಲ್ಲ.

"ಏನವಾ, ಅವತ್ತ ಬಾಜೂಕ ಸರಿದ್ಯಲ್ಲ," ಅಂದರು ಗೌಡರು. "ಇಡೀ ಊರ ಮರ್ಯಾದಿ ನಿನ್ನ ಮುಂದ ಹಾದು ಹೋತು."

"ಹೌದ್ರಿ ಗೌಡ್ರ, ಭಾಳ ಜೋರ ಹೋತು," ಅಂದಳು ಫಕೀರವ್ವ.

"ನಿಲ್ಲಸಬೇಕಿತ್ತಲ್ಲ ನೀ."

"ಒಂದು ನೂಕು ಅಂತ ಹೇಳಿ ಕಳಿಸಿದ್ರಿ. ಬಂದದ್ದು ಹತ್ತು ನೂಕು, ಮ್ಯಾಲ ಎರಡು ಬೆರಳು." ಅವಳು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಆ ಎರಡು ಬೆರಳು ಯಾರದ್ರಿ?"

ನನ್ನದವ್ವ ಅಂದೆ. ಬಹುಶಃ ಸಮಿತಿಯ ಕೆಲಸಕ್ಕೆ ನಾನು ಬಾಯಿ ತೆರೆದದ್ದು ಅದೇ ಮೊದಲು.

"ಇರ್ಲಿ ಬಿಡ್ರಿ ಅಯ್ಯಾರ. ನೀವಾದ್ರೂ ಒಪ್ಪಿಕೊಂಡ್ರಿ." ಅವಳು ಸೂಜಿಯನ್ನು ಚೀಲಕ್ಕೆ ಚುಚ್ಚಿಟ್ಟಳು. "ಹತ್ತು ನೂಕಿಗೆ ಒಂದು ಬೆನ್ನು ಸಾಲೂದಿಲ್ರಿ. ಮೂರಕ್ಕ ಏನಾತು ಅಂತ ಒಳಗ ಹೋಗಿ ನೋಡ್ರಿ. ಆದ್ರ ದಾರಿ ಇಲ್ಲಂತಲ್ಲ. ಹನ್ನೊಂದೂ ಮಂದಿ ಚೀಲ ಕಟ್ಟಿಕೊಂಡು ಅವರವರು ನೂಕಿದ ಜಾಗಾದಾಗ ನಿಲ್ರಿ. ಒಬ್ಬೊಬ್ಬರು ತಮ್ಮ ತಮ್ಮ ನೂಕು ಅಷ್ಟ ಹಿಂದಕ್ಕ ತಗೊಂಡು ಬಾಜೂಕ ಸರೀರಿ. ಹನ್ನೊಂದನೇದವರ ಹತ್ರ ಬಂದಾಗ ಅದು ಹಸುಗೂಸು ಆಗಿರ್ತೈತಿ. ಹೆಂಗಂತ ನಾ ಕಲಿಸ್ತೀನಿ. ಚೀಲಾ ಹೊಲಕೊಡ್ತೀನಿ."

ಸೌಟಿನ ಮಾತೇ ಇದು. ನಮ್ಮ ಮನೆಗಳಲ್ಲಿ ಏಳು ವರ್ಷದ ಹುಡುಗಿಯರು ದಿನಾ ಮಾಡುವ ಕೆಲಸ. ಆದರೂ ಸಮಿತಿ ವಿಚಾರ ಮಾಡಲು ಕಾಲಾವಕಾಶ ಕೇಳಿತು.

ನಾನು ಮರುದಿನ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಅವಳ ಮನೆಗೆ ಹೋದೆ. ಅವಳು ಚೀಲವನ್ನು ನನ್ನ ಬೆನ್ನಿಗೆ ಬಿಗಿದಳು. ಒಳಗಿನಿಂದ ಯಂಕಪ್ಪನ ದನಿ, ಒಂದೊಂದು ಮಾತಿಗೂ ಉಸಿರು ಹುಡುಕುತ್ತ, ಕೇಳಿಸಿತು: "ಅಯ್ಯಾರ... ಹಿಂದ ನೋಡಬ್ಯಾಡ್ರಿ... ಕಿವೀಲೆ ಕೇಳ್ರಿ. ಕೇಳೂದು ನಿಮಗ... ಬರ್ತೈತಲ್ಲ."

ಬೀದಿಗೆ ಇಳಿದೆ. ಪದ್ಯ ಶುರು ಮಾಡಿದೆ. ಮೂರನೆಯ ಸಾಲಿಗೆ ಓಡತೊಡಗಿದೆ, ಐದನೆಯ ಸಾಲಿಗೆ ಬೆನ್ನ ಹಿಂದೆ ಕಟ್ಟೆ ತೀಡುವ ಸದ್ದು ಹತ್ತಿರವಾಯಿತು. ಆರನೆಯ ಸಾಲಿಗೆ ಅದು ತಾಗಿತು. ಕಾಲ್ಬೆರಳಿನಿಂದ ನೆಲವನ್ನು ಹಿಡಿದು ಒಂದು ಹೆಜ್ಜೆ ಸಣ್ಣ ಮಾಡಿದೆ. "ಸಾಕ್ರಿ, ಸರೀರಿ," ಎಂದು ಫಕೀರವ್ವ ಕೂಗಿದಳು. ನಾನು ಒಳಬದಿಗೆ ಹಾರಿ ಮೊಣಕೈ ಮೇಲೆ ಬಿದ್ದೆ. ಬಲಭುಜ ಸಂಜೆಯ ಹೊತ್ತಿಗೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ನಾನು ಕೊಟ್ಟಷ್ಟೇ ನನಗೆ ಹಿಂದಕ್ಕೆ ಬಂದಿತ್ತು, ಹೆಚ್ಚೇನೂ ಇಲ್ಲ. ಕೊಡುವಾಗ ಅದು ಅಷ್ಟಿದೆ ಎಂದು ನನಗೆ ತಿಳಿದಿರಲಿಲ್ಲ. ಆ ಸಂಜೆ ಮಠದಲ್ಲಿ ಕೂತು ಪದ್ಯ ಹಿಡಿದು ನೋಡಿದೆ. ಪದ್ಯ ಮುಗಿದು ಒಂದಕ್ಷರದಷ್ಟು ಹೊತ್ತಾದ ಮೇಲೆ ಕಲ್ಲು ಬಂತು. ಒಂದಕ್ಷರ ನಿಧಾನವಾಗಿತ್ತು.

ಉಳಿದ ಹತ್ತು ಮಂದಿಯದನ್ನು ಏನು ಹೇಳಲಿ. ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಬಿ.ಪಿ., ಒಬ್ಬರಿಗೆ ಮಗಳ ನಿಶ್ಚಯ, ಇಬ್ಬರು ಪರವೂರಿಗೆ ಹೋದರು. ತಾವು ನೂಕಿದ್ದು ಫೋಟೊಕ್ಕೆ ಮಾತ್ರ, ಕಲ್ಲಿಗಲ್ಲ ಎಂದು ಇನ್ನೊಬ್ಬರು ಬರೆದುಕೊಟ್ಟರು. ಮಾಸ್ತರ ನನ್ನ ಪಟ್ಟಿ ಕಟ್ಟಿದ ಭುಜವನ್ನು ಮೆಲ್ಲಗೆ ಮುಟ್ಟಿ, "ಅಯ್ಯಾರ, ನಿಮ್ಮ ಭಾವನೆ ದೊಡ್ಡದು. ಆದ್ರ ತತ್ವ ಅಂತ ಒಂದೈತಿ. ನೂಕೂದು ಸಮಿತಿ ಕೆಲಸ, ತಡಿಯೂದು ಅನುಷ್ಠಾನದ ಕೆಲಸ. ಎರಡನ್ನೂ ಕಲಸಬಾರದು" ಅಂದರು. ಮುಂದಿನ ಸಭೆಯಲ್ಲಿ, ಸದಸ್ಯರೊಬ್ಬರು ತಮ್ಮ ಪಾಲನ್ನು ತಡೆದಿರುವುದರಿಂದ ಸಮಿತಿಯ ಜವಾಬ್ದಾರಿ ಮುಗಿದಿದೆ ಎಂದು ಠರಾವು ಆಯಿತು. ಅದನ್ನು ವಿರೋಧಿಸಲು ನಾನು ಕೈಯೆತ್ತಬೇಕಿತ್ತು. ಬಲಗೈ ಮೇಲೇಳಲಿಲ್ಲ. ಎಡಗೈ ಎತ್ತಿದೆ, ಅದನ್ನು ಅವರು ಅನುಮೋದನೆ ಎಂದು ಬರೆದುಕೊಂಡರು.

ಬಿರುಕು ಮೂರು ಬೆರಳು ಅಗಲವಾದ ದಿನ ಗೌಡರು ಮತ್ತೆ ತಡೆಯವರ ಮನೆಗೆ ಹೊರಟರು. ಈ ಸಲ ಹಾರವಿತ್ತು, ಹಣ್ಣಿನ ತಟ್ಟೆಯಿತ್ತು, ಮಡಿಕೆ ಬಿಚ್ಚದ ಶಾಲಿತ್ತು. ಊರಿನ ಅರ್ಧ ಜನ ಹಿಂದೆ ಬಂದರು. ಫಕೀರವ್ವನ ಬಾಗಿಲ ಮುಂದೆ ಹೊಸದಾಗಿ ಹೊಲಿದ ಹತ್ತು ಗೋಣಿಚೀಲಗಳು ಒಂದರ ಮೇಲೊಂದು ಇದ್ದವು. ಯಾರೂ ಅವುಗಳ ಕಡೆ ನೋಡಲಿಲ್ಲ.

ಮಾಸ್ತರ ಸನ್ಮಾನದ ಓಲೆ ಓದಿದರು. ಊರಿನ ಭೂಷಣ, ತಾಯಿ, ಶಕ್ತಿಸ್ವರೂಪಿಣಿ. ಫಕೀರವ್ವ ಪೂರ್ತಿ ಕೇಳಿದಳು. ಗೌಡರು ಶಾಲನ್ನು ಬಿಡಿಸಿ ಹಿಡಿದಾಗ ಒಂದು ಹೆಜ್ಜೆ ಹಿಂದೆ ಸರಿದಳು.

"ಶಾಲು ಬ್ಯಾಡ್ರಿ ಗೌಡ್ರ. ಒಂದು ಐತಿ ಮನ್ಯಾಗ. ಅದರೊಳಗ ಮನಿಯವರು ಅದಾರ."

ಗೌಡರ ಕೈ ಶಾಲಿನ ಎರಡು ತುದಿ ಹಿಡಿದುಕೊಂಡು ಹಾಗೇ ನಿಂತಿತು. ಆಮೇಲೆ ಅವರು ಅದನ್ನು ಮಾಸ್ತರ ಹೆಗಲಿಗೆ ಹಾಕಿ, ಎರಡೂ ಕೈ ಜೋಡಿಸಿದರು. ಅವರು ತಡೆಯವರ ಮನೆಯ ಮುಂದೆ ಕೈ ಜೋಡಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ದನಿಯೂ ಬೇರೆಯಾಗಿತ್ತು.

"ನಾ ಎಲ್ಲಾ ಬಿಟ್ಟು ಕೇಳ್ತೀನಿ ಫಕೀರವ್ವಾ. ನಾಳೆ ಬೆಳಗಾಗೂದ್ರೊಳಗ ಕಟ್ಟಿ ಬೀಳ್ತೈತಿ. ನಮ್ಮ ಮನಿ, ನಮ್ಮ ದೇವರು. ಒಮ್ಮೆ ನಿಲ್ಲು. ಒಂದ ಸಲ."

ಅವಳು ಹತ್ತು ಚೀಲಗಳಲ್ಲಿ ಮೇಲಿನದನ್ನು ಎತ್ತಿ ಗೌಡರ ಕಡೆ ಹಿಡಿದಳು. ನನ್ನೊಳಗೆ ಪದ್ಯ ತಾನಾಗಿ ಶುರುವಾಯಿತು. ಮೊದಲ ಸಾಲು, ಎರಡನೆಯದು. ಗೌಡರು ಚೀಲವನ್ನು ನೋಡಿದರು, ತಮ್ಮ ಬಿಳಿಯ ಜುಬ್ಬವನ್ನು ನೋಡಿಕೊಂಡರು, ನೆರೆದ ಜನರನ್ನು ನೋಡಿದರು. ಆರನೆಯ ಸಾಲು ಮುಗಿದು ಒಂದಕ್ಷರವಾಯಿತು. ಕಲ್ಲು ನಮ್ಮ ಹೆಸರುಗಳನ್ನು ಹೊತ್ತು ಬೀದಿಯಲ್ಲಿ ಹಾದು ಹೋಯಿತು. ವಾಡೆಯ ಕಡೆಯಿಂದ ಕಟ್ಟೆಯ ಒಂದು ಚಕ್ಕೆ ಉದುರಿದ ಸದ್ದು ಬಂತು. ಗೌಡರ ಜೋಡಿಸಿದ ಕೈ ಬಿಚ್ಚಲಿಲ್ಲ.

"ಇದೊಂದ ಸಲ ನಿಲ್ಲು ತಾಯಿ," ಅಂದರು.

ಫಕೀರವ್ವ ಚೀಲವನ್ನು ಉಳಿದ ಒಂಬತ್ತರ ಮೇಲೆ ಮೊದಲಿನಂತೆ ಇಟ್ಟಳು.

"ನಿಲ್ಲಂಗಿಲ್ಲ," ಅಂದಳು.